ಸೂಪಶಾಸ್ತ್ರವೂ ಮನೆಯ ಒಲೆಯೂ: ಜಂಬುಖಂಡಿ–ಮುದುವೊಳಲ ಸೀಮೆಯ ಅಡುಗೆಯನ್ನು ಕುರಿತು

ಕವಿಚಕ್ರವರ್ತಿ ರನ್ನನು ತನ್ನ ಹುಟ್ಟೂರನ್ನು ಹೇಳಿಕೊಳ್ಳುವಾಗ ಬೆಳುಗಲಿ ಐನೂರರ ಜಂಬುಖಂಡಿ ಎಪ್ಪತ್ತಕ್ಕೆ ಸೇರಿದ ಮುದುವೊಳಲನ್ನು ಹೆಸರಿಸುತ್ತಾನೆ. ಇಂದಿನ ಜಮಖಂಡಿ, ಮುಧೋಳಗಳೇ ಅವು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಮನೆತನದ ಕಸುಬು ಬಳೆಗಾರಿಕೆ ಎಂಬುದನ್ನು ಕವಿ ಯಾವ ಸಂಕೋಚವೂ ಇಲ್ಲದೆ ದಾಖಲಿಸಿದ್ದಾನೆ. ಕ್ರಿ.ಶ. 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣವನ್ನು ರಚಿಸಿದ ಈ ಕವಿಯ ಗುರುಗಳು, ಪೋಷಕರು, ಬಿರುದುಗಳು ನಮಗೆ ತಿಳಿದಿವೆ. ಆದರೆ ಬಳೆಯ ಮಲಾರ ಹೊತ್ತು ಊರೂರು ತಿರುಗಿ ಬಂದವರಿಗೆ ಅಬ್ಬಲಬ್ಬೆ ಏನನ್ನು ಬಡಿಸುತ್ತಿದ್ದಳು? ಸಾಹಿತ್ಯ ಚರಿತ್ರೆಕಾರರು ಈ ಪ್ರಶ್ನೆಯನ್ನು ಕೇಳಿದ್ದು ಕಡಿಮೆ. ಅದು ಅಡುಗೆಮನೆಯ ವಿಷಯ, ಸಂಶೋಧನೆಯ ವಿಷಯವಲ್ಲ ಎಂಬ ತಾತ್ಸಾರವೂ ಇದಕ್ಕೆ ಕಾರಣವಿರಬಹುದು.

ಕನ್ನಡದಲ್ಲಿ ಅಡುಗೆಯ ಬರಹಕ್ಕೇನೂ ಕೊರತೆಯಿಲ್ಲ. 10ನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ಬರೆದ ಲೋಕೋಪಕಾರದಲ್ಲಿ ನೀರಿನ ಸೆಲೆ ಹುಡುಕುವುದು, ಗಿಡಮರಗಳ ಆರೈಕೆ, ಸುಗಂಧ ದ್ರವ್ಯಗಳ ತಯಾರಿ, ದನಕರುಗಳ ಚಿಕಿತ್ಸೆ ಮುಂತಾದವುಗಳ ನಡುವೆ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. ಗೃಹಸ್ಥನಿಗೆ ಬೇಕಾದ ಲೌಕಿಕ ತಿಳಿವಳಿಕೆಯಲ್ಲಿ ಅಡುಗೆಯೂ ಒಂದು ಎಂಬ ಎಣಿಕೆಯೇ ಆ ಕಾಲಕ್ಕೆ ದೊಡ್ಡದು. ಅಲ್ಲಿಯ ಇಡ್ಡಲಿಯನ್ನು ಇಂದಿನ ಇಡ್ಲಿಯೊಡನೆ ಹೋಲಿಸಿ ನೋಡಬೇಕು. ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನು ಬೆರೆಸಿ, ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗುಗಳನ್ನು ಕೂಡಿಸುವ ವಿಧಾನವದು. ಅದರಲ್ಲಿ ಅಕ್ಕಿಯಿಲ್ಲ, ಹಿಟ್ಟನ್ನು ರಾತ್ರಿಯೆಲ್ಲ ಹುದುಗಲು ಬಿಡುವ ಮಾತಿಲ್ಲ ಎಂಬುದನ್ನು ಆಹಾರ ಚರಿತ್ರೆಕಾರ ಕೆ.ಟಿ. ಅಚ್ಚಯ್ಯನವರು ಎತ್ತಿ ತೋರಿಸಿದ್ದಾರೆ. ಹೆಸರು ಉಳಿದು ವಸ್ತು ಬದಲಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಪದಕೋಶವನ್ನಷ್ಟೇ ನಂಬಿ ಆಹಾರದ ಚರಿತ್ರೆ ಬರೆಯಲು ಹೊರಟವರು ಇಲ್ಲಿ ಎಡವುತ್ತಾರೆ.

ಒಂದು ಶತಮಾನದ ಬಳಿಕ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಬಂತು. ಅದು ಸಂಸ್ಕೃತ ಗ್ರಂಥ. ಅದರ ಅನ್ನಭೋಗ ಪ್ರಕರಣದಲ್ಲಿ ಕಲ್ಯಾಣದ ಅರಮನೆಯ ಬೇಟೆಯ ಮಾಂಸವೂ ಮೀನೂ ಮಂಡಕ, ದೋಸಕ, ಇಡ್ಡರಿಕೆಗಳ ಪಕ್ಕದಲ್ಲೇ ಬೇಯುತ್ತವೆ. ಇದಕ್ಕೆ ತೀರ ಭಿನ್ನವಾದ ಕೃತಿ ಮೂರನೆಯ ಮಂಗರಸನ ಸೂಪಶಾಸ್ತ್ರ. ಕಲ್ಲಹಳ್ಳಿಯ ಪ್ರಭುವಾಗಿದ್ದ ಈ ಜೈನ ಕವಿ ಜಯನೃಪಕಾವ್ಯ, ನೇಮಿಜಿನೇಶ ಸಂಗತಿ, ಸಮ್ಯಕ್ತ್ವಕೌಮುದಿಗಳನ್ನೂ ಬರೆದವನು. 16ನೆಯ ಶತಮಾನದ ಆರಂಭದಲ್ಲಿ ವಾರ್ಧಕ ಷಟ್ಪದಿಯಲ್ಲಿ ರಚಿತವಾದ ಅವನ ಪಾಕಗ್ರಂಥ ಸಂಪೂರ್ಣ ಸಸ್ಯಾಹಾರಕ್ಕೆ ಮೀಸಲು. ಪಿಷ್ಟಪಾಕ, ಪಾನಕ, ಅನ್ನ, ಶಾಕಪಾಕ ಎಂದು ಅಡುಗೆಯನ್ನು ವರ್ಗೀಕರಿಸಿ ಮಂಡಿಗೆ, ಗಾರಿಗೆ, ದೋಸೆ, ಬಗೆಬಗೆಯ ರೊಟ್ಟಿಗಳನ್ನು ಅವನು ವಿವರಿಸುತ್ತಾನೆ. ಎರಡು ತಟ್ಟೆಗಳ ನಡುವೆ ಇಟ್ಟು ಮೇಲೂ ಕೆಳಗೂ ಕೆಂಡ ಹರಡಿ ಬೇಯಿಸುವ ಮುಚ್ಚಳ ರೊಟ್ಟಿ ಅವುಗಳಲ್ಲೊಂದು. ಇದನ್ನು ಬರೆದವನು ಒಲೆಯ ಮುಂದೆ ಕುಳಿತು ನೋಡಿದವನೇ ಇರಬೇಕು.

ಮಂಗರಸನಲ್ಲಿ ನನಗೆ ಬಹುಕಾಲದಿಂದ ಕುತೂಹಲ ಹುಟ್ಟಿಸಿರುವುದು ಬದನೆಕಾಯಿ. ಜೈನ ಆಚಾರದಲ್ಲಿ ಬಳಕೆಯಲ್ಲಿರುವ ಅಭಕ್ಷ್ಯಗಳ ಪಟ್ಟಿಗಳು ಅದನ್ನು ಬಹುಬೀಜವೆಂದು ದೂರವಿಡುತ್ತವೆ. ಆದರೆ ಈ ಜೈನ ಪ್ರಭುವಿನ ಶಾಕಪಾಕದಲ್ಲಿ ಬದನೆಗೆ ಸಿಕ್ಕಿರುವ ಮನ್ನಣೆ ಸಾಮಾನ್ಯವಾದುದಲ್ಲ. ಅದರ ಅಡುಗೆಗಳೇ ಇಪ್ಪತ್ತರಷ್ಟಿವೆ. ಶ್ರಾವಕಾಚಾರ ಗ್ರಂಥಗಳು ಹೇಳುವುದು ಒಂದು, ಶ್ರಾವಕರ ಮನೆಯ ತಟ್ಟೆ ಹೇಳುವುದು ಇನ್ನೊಂದು ಎಂಬ ಸಮಾಧಾನ ಸುಲಭದ್ದು. ನನಗೆ ತೋರುವಂತೆ ಮಂಗರಸನು ಆಚಾರಗ್ರಂಥ ಬರೆಯಲು ಕುಳಿತವನಲ್ಲ, ತನ್ನ ನಾಡಿನಲ್ಲಿ ಸಸ್ಯಾಹಾರವೆಂದು ಉಣ್ಣುತ್ತಿದ್ದುದನ್ನೆಲ್ಲ ಶಾಸ್ತ್ರದ ಕಟ್ಟಿಗೆ ತರಲು ಕುಳಿತವನು. ನಮ್ಮ ಸೀಮೆಯಲ್ಲಿಯೂ ವ್ರತ ಹಿಡಿದ ಹಿರಿಯರು ಬದನೆಯನ್ನು ಮುಟ್ಟದಿದ್ದರೆ, ಅದೇ ಮನೆಯ ಕಿರಿಯರಿಗೆ ಎಣ್ಣೆಗಾಯಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ.

ಹೀಗೆ ಐದು ಶತಮಾನಗಳ ಗ್ರಂಥಗಳನ್ನು ತಿರುವಿದ ಮೇಲೂ ಅಬ್ಬಲಬ್ಬೆಯ ಒಲೆ ನಮಗೆ ಕಾಣಿಸುವುದಿಲ್ಲ. ಈ ಬರಹಗಳ ಲೋಕ ಗೋಧಿ, ಅಕ್ಕಿ, ತುಪ್ಪ, ಸಕ್ಕರೆಗಳದು. ಕೃಷ್ಣಾ–ಘಟಪ್ರಭೆಗಳ ನಡುವಣ ಎರೆಮಣ್ಣಿನ ಬೆಳೆ ಜೋಳ. ಅದರ ಹೆಗ್ಗುರುತು ಪಾಕಶಾಸ್ತ್ರಕ್ಕಿಂತ ಹೆಚ್ಚಾಗಿ ಯುದ್ಧದ ನುಡಿಗಟ್ಟಿನಲ್ಲಿ ಉಳಿದಿದೆ. ಹಳಗನ್ನಡದ ಕಾವ್ಯ, ಶಾಸನಗಳಲ್ಲಿ ಬರುವ ‘ಜೋಳವಾಳಿ’ ಎಂಬ ಮಾತು ವಿದ್ಯಾರ್ಥಿಗಳಿಗೆ ಪರಿಚಿತ. ಒಡೆಯನು ಕೊಟ್ಟ ಜೋಳವನ್ನುಂಡು ಬೆಳೆದ ಭಟನು ಆ ಋಣವನ್ನು ರಣರಂಗದಲ್ಲಿ ಪ್ರಾಣಕೊಟ್ಟು ತೀರಿಸುವ ಧರ್ಮವದು. ನೆಲ್ಲಿನ ಹೆಸರಲ್ಲಿ, ತುಪ್ಪದ ಹೆಸರಲ್ಲಿ ಇಂಥ ಒಂದು ಮೌಲ್ಯ ಕನ್ನಡದಲ್ಲಿ ಬೆಳೆಯಲಿಲ್ಲ. ಪ್ರಾಣದ ಬೆಲೆ ಕಟ್ಟಲು ಯಾವ ಧಾನ್ಯವನ್ನು ತೂಗಿದರೋ ಅದೇ ಆ ಜನದ ದಿನದ ಅನ್ನವಾಗಿತ್ತೆಂದು ಊಹಿಸುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಡ. ಗದಾಯುದ್ಧದ ಕವಿ ಜೋಳದ ನಾಡಿನವನೆಂಬುದನ್ನು ಮರೆತು ಅದನ್ನು ಓದಬಾರದು.

ಇನ್ನು ಜೋಳವನ್ನು ರೊಟ್ಟಿಯಾಗಿಸುವ ವಿದ್ಯೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿ ಬಡಿದರೆ ಅಂಚು ಸೀಳುತ್ತದೆ, ಎತ್ತಿದರೆ ಮುರಿಯುತ್ತದೆ. ಆದುದರಿಂದ ಹಿಟ್ಟಿನ ನಡುವೆ ಕುಳಿ ಮಾಡಿ ಕುದಿಯುವ ಎಸರನ್ನು ಹೊಯ್ಯುತ್ತಾರೆ. ಆ ಬಿಸಿಗೆ ಹಿಟ್ಟಿನ ಪಿಷ್ಟಾಂಶ ಬೆಂದು ಜಿಗಿ ಬರುತ್ತದೆ. ಬಳಿಕ ಪರಾತದಲ್ಲಿ ಅಂಗೈಯ ಬುಡದಿಂದ ನಾದಿ, ಒಣಹಿಟ್ಟು ಉದುರಿಸಿ, ತಿರುಗಿಸುತ್ತ ಬಡಿದು, ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ನೀರು ಆರುವ ಮುನ್ನ ಮಗುಚಬೇಕು. ತಡವಾದರೆ ರೊಟ್ಟಿ ಬಿರಿಯುತ್ತದೆ. ಬೀಸಿ ಬಹಳ ದಿನವಾದ ಹಿಟ್ಟು ಎಷ್ಟು ಎಸರು ಹೊಯ್ದರೂ ಕೂಡಿಕೊಳ್ಳುವುದಿಲ್ಲ. ಮಾಲದಂಡಿ ಬಿಳಿಜೋಳವನ್ನೇ ಹುಡುಕುವುದಕ್ಕೂ ಕಾರಣ ಈ ಜಿಗಿಯೇ. ಎಷ್ಟು ಹಿಟ್ಟಿಗೆ ಎಷ್ಟು ನೀರು ಎಂದು ಕೇಳಿದರೆ ನಮ್ಮ ಕಡೆಯ ಹೆಂಗಸರು ‘ಹಿಟ್ಟು ಹಿಡದಷ್ಟು’ ಎನ್ನುತ್ತಾರೆ. ಶಾಸ್ತ್ರಕಾರನಿಗೆ ಇದು ಉತ್ತರವಲ್ಲ. ಹೊಸ ಹಿಟ್ಟು, ಹಳೆ ಹಿಟ್ಟು, ಮಳೆಗಾಲದ ಹಿಟ್ಟು ಎಂಬ ವ್ಯತ್ಯಾಸವನ್ನು ಅರಿತವರಿಗೆ ಇದಕ್ಕಿಂತ ನಿಖರವಾದ ಉತ್ತರವೂ ಇಲ್ಲ.

ಅಳತೆಯ ಮಾತು ಬಂದುದರಿಂದ ಮರಾಠಿಯ ‘ರುಚಿರಾ’ವನ್ನು ನೆನೆಯಬೇಕು. ಸಾಂಗ್ಲಿ ಕಡೆಯ ಕಮಲಾಬಾಯಿ ಓಗಲೆ ಅವರ ಈ ಪುಸ್ತಕ 1970ರಲ್ಲಿ ಪ್ರಕಟವಾಯಿತು. ಅತ್ತೆಯ ಕೈಕೆಳಗೆ ಕಲಿತ ಮನೆಯಡುಗೆಯನ್ನು ವಾಟಿ, ಚಮಚಗಳ ಅಳತೆಗೆ ಇಳಿಸಿದ್ದು ಅದರ ಹೆಚ್ಚುಗಾರಿಕೆ. ಅರಮನೆಯ ಸೂಪಕಾರನಲ್ಲ, ಮನೆಯ ಹೆಣ್ಣುಮಗಳೇ ಗ್ರಂಥಕರ್ತಳಾದಳು. 1948ರವರೆಗೆ ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳಿದ್ದರಿಂದ ಮರಾಠಿ ಓದುವ ಮನೆಗಳು ಇಲ್ಲಿ ಅಪರೂಪವಾಗಿರಲಿಲ್ಲ. ನಮ್ಮ ಮನೆಯಲ್ಲಿ ಅಂಥ ಅಚ್ಚಿನ ಪುಸ್ತಕವಿರಲಿಲ್ಲ. ಇದ್ದುದು ನಮ್ಮವ್ವನ ಒಂದು ನೋಟುಬುಕ್ಕು. ಅದರಲ್ಲಿ ದೀಪಾವಳಿಯ ಕರಿದ ತಿಂಡಿಗಳು, ಉಪ್ಪಿನಕಾಯಿ, ಮಾದಲಿಗಳಷ್ಟೇ ಇದ್ದವು. ರೊಟ್ಟಿಯಾಗಲಿ, ನುಚ್ಚಾಗಲಿ, ಜುಣಕವಾಗಲಿ ಒಂದು ಸಾಲಿಗೂ ಬಂದಿರಲಿಲ್ಲ. ವರ್ಷಕ್ಕೊಮ್ಮೆ ಮಾಡುವುದನ್ನು ಮರೆಯಬಾರದೆಂದು ಬರೆದಿಡುತ್ತಾರೆ, ದಿನವೂ ಮಾಡುವುದನ್ನು ಬರೆಯುವವರಾರು? ಮಂಗರಸನ ಷಟ್ಪದಿಗಳಿಗೂ ಅವ್ವನ ನೋಟುಬುಕ್ಕಿಗೂ ಈ ಒಂದು ವಿಷಯದಲ್ಲಿ ಹೋಲಿಕೆಯಿದೆ. ಲಿಖಿತ ಆಕರದಲ್ಲಿ ಇಲ್ಲದಿರುವುದು ಬಳಕೆಯಲ್ಲಿ ಇರಲಿಲ್ಲವೆಂದು ಅರ್ಥವಲ್ಲ. ಅಡುಗೆಯ ಮಟ್ಟಿಗಂತೂ ಎಷ್ಟೋ ಸಲ ತೀರ ವಾಡಿಕೆಯದಾದ್ದರಿಂದಲೇ ಅದು ಬರಹಕ್ಕೆ ಬಂದಿಲ್ಲ.

ಹಾಗಾದರೆ ತಟ್ಟೆಯನ್ನೇ ಆಕರವಾಗಿ ಓದಬಹುದೇ? ಓದಬಹುದು, ಎಚ್ಚರದಿಂದ. ರಬಕವಿ–ಬನಹಟ್ಟಿಯ ನೇಕಾರರ ಮನೆಯ ಒಂದು ಮಧ್ಯಾಹ್ನದ ಊಟವನ್ನು ತೆಗೆದುಕೊಳ್ಳೋಣ. ಕಂಡಿಕೆ ಸುತ್ತುವ ಕೆಲಸದ ನಡುವೆ ಹೆಣ್ಣುಮಕ್ಕಳು ಒಲೆಯನ್ನೂ ನೋಡಬೇಕು. ಆದುದರಿಂದ ತಟ್ಟೆಯಲ್ಲಿ ರೊಟ್ಟಿ, ಒಂದು ಕಾಳಿನ ಪಲ್ಯ, ಮೊಸರು, ಅದರ ಪಕ್ಕದಲ್ಲಿ ಮೊದಲೇ ಕುಟ್ಟಿಟ್ಟ ಗುರೆಳ್ಳು, ಅಗಸಿ, ಶೇಂಗಾ ಚಟ್ನಿಗಳು. ಇವುಗಳಲ್ಲಿ ಎಳ್ಳು, ಅಗಸಿ, ಗುರೆಳ್ಳುಗಳು ಹಳೆಯ ಎಣ್ಣೆಕಾಳುಗಳು. ಶೇಂಗಾ ಮತ್ತು ಒಣಮೆಣಸಿನಕಾಯಿ ಮಾತ್ರ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ತಲುಪಿದವು. ಚಾವುಂಡರಾಯನ ಇಡ್ಡಲಿಯ ಖಾರ ಕರಿಮೆಣಸಿನದು. ಶೇಂಗಾ ಹೋಳಿಗೆಯನ್ನು ನಮ್ಮ ‘ಪುರಾತನ’ ಭಕ್ಷ್ಯವೆಂದು ಹೊಗಳುವ ಬರಹಗಳನ್ನು ಕಂಡಾಗ ನಗು ಬರುತ್ತದೆ. ಅದು ರುಚಿಯಲ್ಲಿ ಯಾವುದಕ್ಕೂ ಕಡಿಮೆಯಿಲ್ಲ, ವಯಸ್ಸಿನಲ್ಲಿ ಮಾತ್ರ ಮಂಗರಸನ ಮಂಡಿಗೆಗಿಂತ ಬಹಳ ಚಿಕ್ಕದು.

ಒಣ ಚಟ್ನಿಗಳಿಗೆ ಇಷ್ಟು ಪ್ರಾಧಾನ್ಯ ಬಂದುದಕ್ಕೆ ಹೊಲಗೆಲಸ, ಮಗ್ಗದ ಕೆಲಸಗಳ ಅವಸರ ಒಂದು ಕಾರಣ. ಜೈನ ಮನೆಗಳಲ್ಲಿ ಇನ್ನೊಂದನ್ನೂ ಕೂಡಿಸಬಹುದು. ಚಾತುರ್ಮಾಸದಲ್ಲಿ ಸೊಪ್ಪುಗಳನ್ನು ಬಿಡುವವರಿಗೆ, ಕಂದಮೂಲಗಳನ್ನು ಸದಾ ತ್ಯಜಿಸಿದವರಿಗೆ ಕಾಳು, ಬೇಳೆ, ಚಟ್ನಿಪುಡಿಗಳೇ ಆಧಾರ. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳಿಲ್ಲದ ಜುಣಕಕ್ಕೆ ಇಂಗು, ಜೀರಿಗೆ ರುಚಿ ಕೊಡುತ್ತವೆ. ಆ ಇಂಗು, ಜೀರಿಗೆ, ಕೊತ್ತುಂಬರಿಗಳ ಕೂಟ 1025ರ ಲೋಕೋಪಕಾರದಲ್ಲಿರುವುದೇ. ಹೊತ್ತು ಮುಳುಗುವ ಮುನ್ನ ಉಣ್ಣಬೇಕಾದ ಮನೆಯಲ್ಲಿ ಅಡುಗೆಯ ದಿನಚರಿಯೇ ಬೇರೆ. ಸಂಜೆಯ ಒಲೆ ಬೇಗ ಹೊತ್ತುತ್ತದೆ, ಬೇಗ ಆರುತ್ತದೆ. ಜಿನಾಲಯಗಳ ದತ್ತಿಶಾಸನಗಳಲ್ಲಿ ಪೂಜೆಯ ಜತೆಗೆ ಋಷಿಯರ ಆಹಾರದಾನವನ್ನು ಹೇಳುವುದು ವಾಡಿಕೆ. ಕೃಷ್ಣೆಯ ಈ ದಂಡೆಯಲ್ಲಿ ತೇರದಾಳದ ಗೊಂಕ ಜಿನಾಲಯದಂಥ 12ನೆಯ ಶತಮಾನದ ನೆಲೆಗಳಿವೆ. ಆಹಾರದಾನಕ್ಕೆ ಬಿಟ್ಟ ಭೂಮಿಯ ಎಲ್ಲೆಗಳನ್ನು ಕಲ್ಲು ಹೇಳುತ್ತದೆ. ಆ ಆಹಾರವನ್ನು ಶುದ್ಧಿಯಿಂದ ಸಿದ್ಧಪಡಿಸಿದ ಶ್ರಾವಕಿಯರ ಕೈಯನ್ನು ಕಲ್ಲು ಹೇಳುವುದಿಲ್ಲ.

ಈ ಆಕರವೂ ಈಗ ಸವೆಯುತ್ತಿದೆ. 1989ರಲ್ಲಿ ರೈತರೇ ದುಡಿದು ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜು ಜಮಖಂಡಿ ಭಾಗಕ್ಕೆ ನೀರು ತಂದಿತು. ಅದು ಸಣ್ಣ ಉಪಕಾರವಲ್ಲ. ನೀರಿನೊಡನೆ ಕಬ್ಬು ಹಬ್ಬಿತು, ಜೋಳ ಹಿಂದೆ ಸರಿಯಿತು. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರಿನಲ್ಲಿ ಹಳ್ಳಿಗಳೇ ಮುಳುಗಿದವು, ಅವುಗಳೊಡನೆ ಎರೆಹೊಲಗಳೂ. ಪುನರ್ವಸತಿ ಕೇಂದ್ರಗಳಿಗೆ ಬಂದವರು ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಲು ಯಾರ ಹೊಲಕ್ಕೆ ಹೋಗಬೇಕು? ಹಿಂಡಿ, ಪಲ್ಯ, ಸಜ್ಜಿರೊಟ್ಟಿ, ಕಡಬುಗಳ ಬುತ್ತಿಗೆ ಅರ್ಥವಿದ್ದುದು ತಮ್ಮ ಬೆಳೆಯ ನಡುವೆ ಕುಳಿತು ಉಂಡಾಗ. ಇನ್ನೊಂದೆಡೆ ಬಡಿದು ಒಣಗಿಸಿದ ಕಡಕ್ ರೊಟ್ಟಿ ಪೊಟ್ಟಣವಾಗಿ ದೂರದ ಊರುಗಳಿಗೆ ಹೋಗುತ್ತಿದೆ. ರೊಟ್ಟಿ ಬಡಿಯುವ ಕೈಗೆ ಹೀಗಾದರೂ ಕೂಲಿ ಸಿಕ್ಕಿತು. ಅದನ್ನು ಸಂಸ್ಕೃತಿಯ ಪತನವೆಂದು ಗೋಳಾಡುವವರು ದಿನಕ್ಕೆ ನೂರು ರೊಟ್ಟಿ ಬಡಿದು ನೋಡಬೇಕು.

ವಿದ್ಯಾರ್ಥಿಗಳು ಈ ಸೀಮೆಗೆ ಕ್ಷೇತ್ರಕಾರ್ಯಕ್ಕೆ ಬಂದಾಗ ಮೊದಲು ರನ್ನನ ಊರನ್ನೂ ಬಸದಿಗಳನ್ನೂ ಶಾಸನಗಳನ್ನೂ ನೋಡಲು ಹೊರಡುತ್ತಾರೆ. ಹೊರಡಲಿ. ಸಂಜೆ ಹೊತ್ತು ಮುಳುಗುವ ಮುನ್ನ ಯಾರಾದರೊಬ್ಬ ಅಜ್ಜಿಯ ಒಲೆಯ ಬಳಿ ಕುಳಿತು, ಅವಳು ಹಿಟ್ಟಿಗೆ ಹೊಯ್ದ ಎಸರನ್ನು ಒಮ್ಮೆ ಅಳೆದು, ಜೋಳ ಯಾವ ಹೊಲದ್ದು, ಬೀಸಿ ಎಷ್ಟು ದಿನವಾಯಿತು, ಕಲಿಸಿದವರು ಯಾರು ಎಂದು ಬರೆದುಕೊಳ್ಳಲಿ. ಅವ್ವನ ನೋಟುಬುಕ್ಕು ನನ್ನ ಬಳಿಯಿದೆ. ಅದರ ಕೊನೆಯ ಹಾಳೆಗಳು ಖಾಲಿಯಾಗಿದ್ದವು. ಹೋದ ವರ್ಷ ಅಕ್ಕನ ಎದುರು ಕುಳಿತು ಅಲ್ಲಿ ನುಚ್ಚಿನ ವಿಧಾನವನ್ನು ಬರೆದೆ. ಒಂದು ಪಾವು ಜೋಳದ ನುಚ್ಚಿಗೆ ನೀರಿನ ಅಳತೆ ಹಾಕುವಲ್ಲಿ ಮೂರು ಸಲ ತಿದ್ದಬೇಕಾಯಿತು.