ಕಲಬುರ್ಗಿಯ ಸರದಾರ ಪ್ರತಿಮೆಯೂ ಗಣರಾಜ್ಯದ ಉದಯವೂ

ಕಲಬುರ್ಗಿಯ ಪಟೇಲ ವೃತ್ತದಲ್ಲಿರುವ ಸರದಾರ ವಲ್ಲಭಭಾಯಿಯವರ ಪ್ರತಿಮೆಯು ಆಳಂದ, ಅಫಜಲಪುರ, ಜೇವರ್ಗಿ ಸೀಮೆಯವರಿಗೆ ಚಿರಪರಿಚಿತವಾದುದು. ಪ್ರತಿವರ್ಷವೂ ಸಪ್ಟೆಂಬರ 17ರಂದು ಅದಕ್ಕೆ ಮಾಲಾರ್ಪಣೆಯಾಗುವದು. ನಮ್ಮ ಸೀಮೆಗೆ ಗಣರಾಜ್ಯದ ಸ್ಮಾರಕವೆಂಬುದೊಂದಿದ್ದರೆ ಅದು ಇದೇ. ಆದರೆ ಅದು ನೆನಪಿಸುವ ದಿನದಂದೇ ಇಲ್ಲಿ ಗಣರಾಜ್ಯವು ಉದಯಿಸಿತೇ ಎಂಬುದು ವಿಚಾರಾರ್ಹವಾಗಿದೆ.

1948ನೆಯ ಇಸವಿಯ ಸಪ್ಟೆಂಬರ 13ರಂದು ಭಾರತದ ಸೈನ್ಯವು ಹೈದರಾಬಾದ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಯುದ್ಧವಿರಾಮವನ್ನು ಸಾರಿದರು. ರಝಾಕಾರರ ಹಾವಳಿಯು ಮುರಿಯಿತಾದರೂ ದೊರೆತನವು ಮುಗಿಯಲಿಲ್ಲ. ಮೊದಲು ಬಂದುದು ಜನರಲ್ ಚೌಧರಿಯವರ ಸೈನಿಕಾಡಳಿತ. 1949ರ ನವೆಂಬರ 23ರಂದು ನಿಜಾಮರು ಫರ್ಮಾನು ಹೊರಡಿಸಿ ಭಾರತದ ಸಂವಿಧಾನವನ್ನು ಅಂಗೀಕರಿಸಿದರು. 1950ರ ಜನವರಿ 26ರಂದು ಅವರೇ ರಾಜಪ್ರಮುಖರಾದರು! ಅರಸನೇ ಗಣರಾಜ್ಯದ ಪ್ರಾಂತಾಧಿಪತಿಯಾದ ಈ ವೈಚಿತ್ರ್ಯವು 1956ರ ವರೆಗೂ ನಡೆಯಿತು.

ಹಳ್ಳಿಯ ಒಕ್ಕಲಿಗನಿಗಾದರೋ ಹೈದರಾಬಾದಿನ ದೊರೆಗಿಂತ ಸಮೀಪದ ದೊರೆಯೊಬ್ಬನಿದ್ದನು. ಆಳಂದವು ಪಾಯಗಾ ತಾಲೂಕಿನ ಮುಖ್ಯಸ್ಥಳವಾಗಿದ್ದಿತು. ಪಾಯಗಾ ಎಂದರೆ ಸೈನ್ಯದ ವೆಚ್ಚಕ್ಕೆಂದು ನಿಜಾಮರು ಉಮರಾವ ಮನೆತನಕ್ಕೆ ಬಿಟ್ಟುಕೊಟ್ಟ ದೊಡ್ಡ ಜಹಗೀರು. ಅಲ್ಲಿ ಕಂದಾಯ, ನ್ಯಾಯ, ಪೋಲೀಸು ಇವೆಲ್ಲವೂ ಆ ಮನೆತನದವೇ. ಈ ಅಧಿಕಾರವನ್ನು ಕಿತ್ತುಹಾಕಿದುದು ತೋಪಲ್ಲ, 1949ರ ಆಗಸ್ಟದಲ್ಲಿ ಜಾರಿಗೆ ಬಂದ ಜಹಗೀರು ರದ್ದಿಯಾತಿಯ ಕಾಯಿದೆ. ಆ ದಿನವನ್ನು ಯಾರೂ ಹಬ್ಬವಾಗಿ ಆಚರಿಸುವದಿಲ್ಲ. ನಮ್ಮ ಮತದಲ್ಲಿ, ಆಳಂದದ ಮಟ್ಟಿಗೆ ಗಣರಾಜ್ಯದ ಮೊದಲ ಮೆಟ್ಟಿಲು ಅದೇ.

ಎರಡನೆಯ ಮೆಟ್ಟಿಲು 1952ರ ಚುನಾವಣೆ. ಸ್ತ್ರೀಪುರುಷರೆಂಬ ಭೇದವಿಲ್ಲದೆ ವಯಸ್ಕರೆಲ್ಲರೂ ಮತವೀಯಬಹುದಾದ ಆ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಕಲಬುರ್ಗಿಯಿಂದ ಲೋಕಸಭೆಗೆ ಆರಿಸಿಬಂದವರು ಸ್ಟೇಟ್ ಕಾಂಗ್ರೆಸ್ಸಿನ ಹೋರಾಟದ ಮುಂದಾಳುಗಳಾಗಿದ್ದ ಸ್ವಾಮಿ ರಮಾನಂದ ತೀರ್ಥರು. ಜೇವರ್ಗಿಗೆ ನೆರೆಯಾದ ಸಿಂದಗಿಯು ಅವರ ಜನ್ಮಸ್ಥಳ. ಅದು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ನಿಜಾಮರು ಪರಸೀಮೆಯವರೆಂದು ಬಗೆಯಬಹುದಾಗಿದ್ದ ಸಂನ್ಯಾಸಿಯನ್ನು ನಿಜಾಮರ ಪ್ರಜೆಗಳಾಗಿದ್ದವರೇ ದಿಲ್ಲಿಗೆ ಕಳುಹಿದರು.

ಪ್ರತಿಮೆಯು ಹೇಳದ ಮಾತು ಇನ್ನೊಂದುಂಟು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಝಾಕಾರರಿಂದ ಹತರಾದವರಿಗೆ 2023ರ ಮಾರ್ಚ 26ರಂದು ಸ್ಮಾರಕವು ಲೋಕಾರ್ಪಣೆಯಾಯಿತು, ತಡವಾದರೂ ಯುಕ್ತವೇ. ಪೋಲೀಸು ಕಾರ್ಯಾಚರಣೆಯ ಕಾಲದಲ್ಲಿಯೂ ತರುವಾಯವೂ ಮಡಿದ ಮುಸಲ್ಮಾನರನ್ನು ಕುರಿತು ಸುಂದರಲಾಲ ಸಮಿತಿಯು ವರದಿ ಬರೆಯಿತು. ಸಂಸ್ಥಾನದಲ್ಲೆಲ್ಲ ಸತ್ತವರು 27,000ದಿಂದ 40,000ದ ವರೆಗೆ ಇರಬಹುದೆಂದು ಅಂದಾಜಿಸಿ, ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರ್ಗಿಯನ್ನೂ ಎಣಿಸಿತು.