ರೌದ್ರದಿಂದ ಕರುಣಕ್ಕೆ: ‘ಗೊಜಿರಾ’ ಮತ್ತು ವಿಪತ್ತಿನ ಸಿನಿಮಾದ ರಸವಿಚಾರ

ಪ್ರವೇಶ

ಊರಿಗೆ ಊರೇ ಉರಿದು ಬೀಳುವುದನ್ನು ನೋಡಲು ಜನ ದುಡ್ಡು ಕೊಟ್ಟು ಟಿಕೆಟ್ ಕೊಳ್ಳುವುದೇಕೆ? ಸೂಸನ್ ಸೊಂಟಾಗ್ 1965ರಲ್ಲಿ ಪ್ರಕಟಿಸಿದ ‘ದಿ ಇಮ್ಯಾಜಿನೇಷನ್ ಆಫ್ ಡಿಸಾಸ್ಟರ್’ ಪ್ರಬಂಧದಲ್ಲಿ ಈ ಸೆಳೆತದ ಮೂಲವನ್ನು ವಿನಾಶದ ಸೌಂದರ್ಯದಲ್ಲಿ ಗುರುತಿಸಿದರು. ಇಂಥ ಚಿತ್ರಗಳು ನಿಜವಾದ ಭೀತಿಗೆ ನಮ್ಮನ್ನು ಒಗ್ಗಿಸಿಬಿಡುತ್ತವೆ ಎಂಬ ಆತಂಕವೂ ಅವರದಾಗಿತ್ತು. ವಾದದಲ್ಲಿ ಹುರುಳಿದೆ. ಆದರೆ ಕಟ್ಟಡ ಬೀಳುವ ಗಳಿಗೆಗೆ ಒಪ್ಪುವ ಈ ವಿವರಣೆ, ಬಿದ್ದ ಮೇಲಿನ ಮೌನಕ್ಕೆ ಸಾಲದು. ಆ ಮೌನವನ್ನು ಅರಿಯಲು ಭರತನ ಒಂದು ಮಾತು ನೆರವಾಗುತ್ತದೆ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಅವನು ರೌದ್ರದಿಂದ ಕರುಣ ಹುಟ್ಟುತ್ತದೆ, ರೌದ್ರದ ಕಾರ್ಯವೇ ಕರುಣ ಎನ್ನುತ್ತಾನೆ. ವಿಪತ್ತಿನ ಸಿನಿಮಾದ ಸೆಳೆತ ಈ ದಾಟುವಿಕೆಯಲ್ಲಿದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಇಶಿರೋ ಹೊಂಡಾ ನಿರ್ದೇಶನದ ಜಪಾನೀ ಚಿತ್ರ ‘ಗೊಜಿರಾ’ (1954) ಇದಕ್ಕೆ ಮುಖ್ಯ ಆಧಾರ.

ಗಾಯದ ನೆನಪು

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದರ ವಿಕಿರಣ ಬೂದಿ ‘ದೈಗೊ ಫುಕುರ್ಯು ಮಾರು’ ಎಂಬ ಜಪಾನೀ ಮೀನುಗಾರಿಕಾ ದೋಣಿಯ 23 ಮಂದಿಯ ಮೇಲೆ ಸುರಿಯಿತು. ಸೆಪ್ಟೆಂಬರಿನಲ್ಲಿ ದೋಣಿಯ ರೇಡಿಯೋ ನಿರ್ವಾಹಕ ತೀರಿಕೊಂಡ. ನವೆಂಬರ್ 3ರಂದು ‘ಗೊಜಿರಾ’ ತೆರೆಗೆ ಬಂದಿತು. ಬಾಂಬ್ ಪರೀಕ್ಷೆ ಕೆಣಕಿದ ಪುರಾತನ ಮೃಗ ಅದರ ಕಥಾವಸ್ತು. ಮೊದಲ ದೃಶ್ಯದಲ್ಲೇ ಬೆಳಕಿಗೆ ಸಿಕ್ಕಿ ಮುಳುಗುವ ದೋಣಿಯೊಂದಿದೆ. ಮಿತ್ರರಾಷ್ಟ್ರಗಳ ಆಡಳಿತ ಕೊನೆಗೊಂಡು ಆಗ ಎರಡೂವರೆ ವರ್ಷವಷ್ಟೇ ಆಗಿತ್ತು. ಆ ಆಡಳಿತದಲ್ಲಿ ಅಣುಬಾಂಬಿನ ಕುರಿತ ಬರಹಕ್ಕೆ ಕತ್ತರಿ ಬೀಳುತ್ತಿತ್ತು. ಬಾಯಿಬಿಟ್ಟು ಅಳಲಾಗದ ದುಃಖಕ್ಕೆ ಈ ಮೃಗ ಒಂದು ರೂಪ ಕೊಟ್ಟಿತು.

ಮೃಗವೆಂಬ ಮರೆ

ನಾಟ್ಯಶಾಸ್ತ್ರದ ವ್ಯಾಖ್ಯಾನಕಾರ ಅಭಿನವಗುಪ್ತ ಸಾಧಾರಣೀಕರಣವನ್ನು, ಎಂದರೆ ಭಾವ ಒಬ್ಬರ ಸ್ವಂತದ್ದಾಗಿ ಉಳಿಯದೆ ಎಲ್ಲರದೂ ಆಗುವುದನ್ನು, ವಿವರಿಸಲು ಶಾಕುಂತಲದ ಓಡುವ ಜಿಂಕೆಯನ್ನು ಎತ್ತಿಕೊಳ್ಳುತ್ತಾನೆ. ಅಲ್ಲಿನ ಭಯ ನನ್ನದೂ ಅಲ್ಲ, ಪರರದೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿದ ಭಯ. ಸ್ವಂತ ಸುಖದುಃಖಗಳಲ್ಲಿ ಮುಳುಗಿರುವುದನ್ನು ಅವನು ರಸಾನುಭವದ ವಿಘ್ನಗಳಲ್ಲಿ ಒಂದೆಂದು ಎಣಿಸುತ್ತಾನೆ. 1954ರ ಟೋಕಿಯೋ ಪ್ರೇಕ್ಷಕರ ಪಾಡನ್ನು ಇಲ್ಲಿಟ್ಟು ನೋಡಬೇಕು. 1945ರ ಮಾರ್ಚ್‌ನ ಒಂದೇ ರಾತ್ರಿಯ ಬಾಂಬ್ ದಾಳಿಯಲ್ಲಿ ಆ ನಗರ ಸುಮಾರು ಒಂದು ಲಕ್ಷ ಜನರನ್ನು ಕಳೆದುಕೊಂಡಿತ್ತು. ಬೆಂಕಿಯನ್ನು ಇದ್ದದ್ದು ಇದ್ದಂತೆ ತೋರಿಸಿದ್ದರೆ ಬದುಕುಳಿದವರು ತಮ್ಮ ನೋವಿನಲ್ಲೇ ಮುಳುಗುತ್ತಿದ್ದರೇನೋ. ಎಲ್ಲೂ ಇಲ್ಲದ ಮೃಗ ಆ ವಿಘ್ನವನ್ನು ನೀಗುತ್ತದೆ. ಮೃಗ ಕಲ್ಪಿತ, ಸುಟ್ಟ ಬೀದಿ ನಿಜ. ಈ ಅಂತರದಲ್ಲಿ ನಿಂತು ತಮ್ಮ ಊರಿಗಾಗಿ ಅಳುವುದು ಸಾಧ್ಯವಾಗುತ್ತದೆ.

ಚಿತ್ರದ ಬಂಧವೂ ಇದನ್ನೇ ಹೇಳುತ್ತದೆ. ರೈಲಿನಲ್ಲಿ ಒಬ್ಬಳು, ನಾಗಾಸಾಕಿಯಿಂದ ಉಳಿದು ಬಂದವಳು, ಮತ್ತೆ ಎದುರಾದ ಸಾವಿನ ಮಾತಾಡುತ್ತಾಳೆ. ಉರಿಯುವ ಬೀದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ಅಪ್ಪನ ಬಳಿ ಸೇರುತ್ತೇವೆ ಎಂದು ಸಂತೈಸುತ್ತಾಳೆ. ಮೃಗ ಕಡಲಿಗೆ ಮರಳಿದ ಮೇಲೆ ಕ್ಯಾಮೆರಾ ಆಸ್ಪತ್ರೆಯ ನೆಲದಲ್ಲಿ ಸಾಲಾಗಿ ಮಲಗಿದವರ ನಡುವೆ ನಿಲ್ಲುತ್ತದೆ. ತನ್ನ ಅಸ್ತ್ರವನ್ನು ಬಳಸಲು ಒಪ್ಪದಿದ್ದ ವಿಜ್ಞಾನಿ ಸೆರಿಜಾವಾನ ಮನಸ್ಸು ತಿರುಗುವುದು ಟೆಲಿವಿಷನ್ನಿನಲ್ಲಿ ಆ ಹಾಳು ನಗರವನ್ನೂ ಹುಡುಗಿಯರ ಪ್ರಾರ್ಥನೆಯನ್ನೂ ಕಂಡಾಗ. ಕಥೆಯನ್ನು ಮುಂದೆ ನಡೆಸುವುದು ಕರುಣವೇ.

ಪರಗತವಾದ ದುಃಖ

1956ರ ಅಮೆರಿಕನ್ ರೂಪದಲ್ಲಿ 96 ನಿಮಿಷದ ಚಿತ್ರ 80 ನಿಮಿಷಕ್ಕೆ ಇಳಿಯಿತು. ರೇಮಂಡ್ ಬರ್ ವಹಿಸಿದ ಅಮೆರಿಕನ್ ವರದಿಗಾರನ ಪಾತ್ರ ಹೊಸದಾಗಿ ಸೇರಿತು. ನಾಗಾಸಾಕಿಯ ಮಾತು ಕಾಣೆಯಾಯಿತು. ಟೋಕಿಯೋದ ಸಂಕಟ ವರದಿಗಾರನ ಕಣ್ಣಿನ ಮೂಲಕ ಬರುವುದರಿಂದ ಅದು ‘ಅವರ’ ದುಃಖವಾಗಿ ಉಳಿಯುತ್ತದೆ. ಭಾವವನ್ನು ಪರಗತವೆಂದು ಕಾಣುವುದೂ ಅಭಿನವಗುಪ್ತನ ಪಟ್ಟಿಯಲ್ಲಿ ಒಂದು ವಿಘ್ನವೇ. ಮೃಗದ ಆರ್ಭಟಕ್ಕೆ ಕೊರತೆಯಾಗಲಿಲ್ಲ. ರೌದ್ರ ಉಳಿದು ಕರುಣ ತೆಳುವಾಯಿತು.

ಮೃಗವಿಲ್ಲದ ನೆರೆ

ಜೂಡ್ ಆಂಥನಿ ಜೋಸೆಫ್ ಅವರ ಮಲಯಾಳಂ ಚಿತ್ರ ‘2018’ (2023) ಇನ್ನೊಂದು ದಾರಿ ತೋರುತ್ತದೆ. ಕೇರಳದ 2018ರ ಮಹಾನೆರೆ ಅದರ ವಸ್ತು. ಇಲ್ಲಿ ಮರೆಯಾಗಿ ನಿಲ್ಲಲು ಮೃಗವಿಲ್ಲ. ಐದು ವರ್ಷಗಳ ಕಾಲಾಂತರವೂ ಕಲ್ಪಿತ ಸಾಮಾನ್ಯರ ಬದುಕೂ ಆ ಕೆಲಸ ಮಾಡುತ್ತವೆ. ಭಯಕ್ಕೆ ಸೈನ್ಯ ಬಿಟ್ಟು ಬಂದ ಅನೂಪ್ ಪರರನ್ನು ಉಳಿಸುತ್ತ ಜೀವ ಬಿಡುತ್ತಾನೆ. ಕಡಲ ಮೀನುಗಾರರು ದೋಣಿಗಳನ್ನು ಹೊತ್ತು ತಂದು ಮುಳುಗಿದ ಊರುಗಳಿಗೆ ಇಳಿಯುತ್ತಾರೆ. ರೌದ್ರ ಇಲ್ಲಿ ನೀರಿನದು. ಅದು ವೀರವನ್ನು ಹಾದು ಕರುಣವನ್ನು ಮುಟ್ಟುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳೂ ಕುಸಿದಿದ್ದವು. ಕನ್ನಡಕ್ಕೂ ಡಬ್ ಆದ ಈ ಚಿತ್ರವನ್ನು ಮನೆ ಕಳೆದುಕೊಂಡ ಕೊಡಗಿನವರು ನೋಡಿದರೆ ಅದು ನೆರೆನಾಡಿನ ಕಥೆ ಮಾತ್ರವಾಗಿ ಉಳಿಯಲಾರದು.

ಉಪಸಂಹಾರ

ವಿನಾಶದ ದೃಶ್ಯ ನಮ್ಮನ್ನು ಚಿತ್ರಮಂದಿರಕ್ಕೆ ಕರೆತರುತ್ತದೆಂಬ ಸೊಂಟಾಗ್ ಅವರ ಮಾತನ್ನು ಒಪ್ಪಬಹುದು. ನಮ್ಮನ್ನು ಅಲ್ಲಿ ಕೂರಿಸುವುದು ಮಾತ್ರ, ಒಂಟಿಯಾಗಿ ಹೊರಲಾಗದ ದುಃಖವನ್ನು ಹಲವರೊಡನೆ ಕತ್ತಲಲ್ಲಿ ಕೂತು ಹೊರುವ ಅವಕಾಶ. ಆದ್ದರಿಂದ ಇಂಥ ಚಿತ್ರವನ್ನು ಅಳೆಯುವಾಗ ಎಷ್ಟು ಕೆಡವಿತು ಎನ್ನುವುದಕ್ಕಿಂತ, ಕೆಡವಿದ ಮೇಲೆ ಅಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಕೇಳಬೇಕು. ‘ಗೊಜಿರಾ’ದ ಕೊನೆಯಲ್ಲಿ ಮೃಗದೊಂದಿಗೆ ಸೆರಿಜಾವಾ ಕೂಡ ಕಡಲ ತಳದಲ್ಲಿ ಸಾಯುತ್ತಾನೆ. ಪರೀಕ್ಷೆಗಳು ನಿಲ್ಲದಿದ್ದರೆ ಇನ್ನೊಂದು ಗೊಜಿರಾ ಬಂದೀತು ಎಂದು ವೃದ್ಧ ವಿಜ್ಞಾನಿ ಯಮಾನೆ ನೊಂದು ನುಡಿಯುತ್ತಾನೆ. ಹಡಗಿನ ಮೇಲಿದ್ದವರು ಕಡಲಿನ ಕಡೆ ಮುಖ ಮಾಡಿ ಮೌನವಾಗಿ ನಿಲ್ಲುತ್ತಾರೆ, ಅವರೊಡನೆ ಪ್ರೇಕ್ಷಕರೂ.