ಸರಕಿಗೂ ಮುನ್ನ ತಲುಪಬೇಕಾದ ಪತ್ರ

ಸುಂಕದ ಕಟ್ಟೆಗಳು ಬಹುಕಾಲ ವಿಚಾರಿಸುತ್ತಿದ್ದುದು ಮುಖ್ಯವಾಗಿ ಸರಕಿನ ಬೆಲೆಯನ್ನು. ಅದರಿಂದ ಒದಗಬಹುದಾದ ಅಪಾಯದ ಪ್ರಶ್ನೆ ಮುನ್ನೆಲೆಗೆ ಬಂದುದು 2001ರ ಸೆಪ್ಟೆಂಬರ್ ದಾಳಿಯ ಬಳಿಕ. ಕಂಟೇನರನ್ನು ವಿದೇಶಿ ಬಂದರಿನಲ್ಲಿ ಹಡಗಿಗೇರಿಸುವ 24 ಗಂಟೆ ಮೊದಲೇ ಒಳಗಿನ ಸರಕಿನ ವಿವರ ಸಲ್ಲಿಸಬೇಕೆಂದು ಅಮೆರಿಕ 2002ರಲ್ಲಿ ನಿಯಮ ಮಾಡಿ, ‘ಬಗೆಬಗೆಯ ಸಾಮಾನು’ ಎಂಬಂಥ ಮೊಗಮ್ಮಾದ ವರ್ಣನೆಗಳನ್ನು ನಿರಾಕರಿಸಿತು. ಹಳೆಯ ಗುಮಾಸ್ತಿಕೆಗೆ ಇದು ಸುಲಭವಾಗಿ ಒಗ್ಗುವ ಶಿಸ್ತಾಗಿರಲಿಲ್ಲ. ಐರೋಪ್ಯ ಒಕ್ಕೂಟವು 2011ರ ಜನವರಿ 1ರಿಂದ ಪ್ರವೇಶ ಸಾರಾಂಶ ಘೋಷಣೆಯನ್ನು, ಎಂದರೆ ಕಳುಹಿಸುವವರು, ಪಡೆಯುವವರು, ತೂಕ ಮತ್ತು ಸರಕಿನ ಸ್ವರೂಪವನ್ನು ಮುಂಗಡವಾಗಿ ತಿಳಿಸುವ ವಿದ್ಯುನ್ಮಾನ ಪತ್ರವನ್ನು, ಕಡ್ಡಾಯಗೊಳಿಸಿತು. ಇದರ ಮೂಲ ಹೊಣೆ ಸಾಗಣೆದಾರನದು. ಒಕ್ಕೂಟವನ್ನು ತೊರೆದ ಬ್ರಿಟನ್ ಮಾತ್ರ, ಒಕ್ಕೂಟದಿಂದ ಬರುವ ಸರಕಿಗೆ ಇದನ್ನು ಅನ್ವಯಿಸುವ ಗಡುವನ್ನು ಮತ್ತೆ ಮತ್ತೆ ಮುಂದೂಡಿ, ಕೊನೆಗೆ 2025ರ ಜನವರಿ 31ರಂದು ಜಾರಿಗೆ ತಂದಿತು.